ಎರೆಮಣ್ಣಿನ ಒಂಟೆ

ಹೊಂದಿಕೊಂಡು ಹೋಗಬೇಕು ಎಂಬ ಉಪದೇಶವನ್ನು ಈ ಲೋಕದಲ್ಲಿ ಯಾರು ಯಾರಿಗೆ ಕೊಡುತ್ತಾರೆ ಎಂಬುದನ್ನು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಹೊರಸಿನ ಮೇಲೆ ಕಾಲು ಚಾಚಿ ಮಲಗಿದವನು ಅದರ ಅಂಚಿಗೆ ಕುಳಿತವನಿಗೆ ಕೊಡುತ್ತಾನೆ. ಅತ್ತೆ ಸೊಸೆಗೆ ಕೊಡುತ್ತಾಳೆ. ಚಪ್ಪಲಿ ಮಾರುವವನು ಕಾಲು ಕಚ್ಚುತ್ತದೆ ಎಂದವನಿಗೆ ಕೊಡುತ್ತಾನೆ. ಅಂದರೆ ತಾವು ಹೊಂದಿಕೊಳ್ಳಬೇಕಾದ ಗರಜು ಯಾರಿಗಿಲ್ಲವೋ ಅವರೇ ಈ ಶಾಸ್ತ್ರದ ಪಂಡಿತರು. ನಾನಂತೂ ಇದನ್ನು ಸರಕಾರದ ಸಂಬಳ ತೆಗೆದುಕೊಂಡು ಕಲಿಸಿದವನು. ಔರಾದಿನ ಸಾಲೆಯಲ್ಲಿ ನಾನು ಪ್ರಕೃತಿ ಪಾಠದ ಮಾಸ್ತರನಾಗಿದ್ದೆ. ಕಪ್ಪೆ ಬೇಸಿಗೆಯಲ್ಲಿ ಮಣ್ಣಿನಡಿ ಹೇಗೆ ಮಲಗುತ್ತದೆ, ಗೂಬೆಗೆ ಕತ್ತಲೆಯಲ್ಲಿ ಹೇಗೆ ಕಾಣುತ್ತದೆ, ಕೊಕ್ಕರೆಯ ಕಾಲು ಯಾಕೆ ಅಷ್ಟು ಉದ್ದ, ಪಾಠ ಯಾವುದೇ ಇರಲಿ, ಕೊನೆಯ ನೀತಿ ಒಂದೇ: ಪ್ರಾಣಿಗಳಿಂದ ಕಲಿಯಿರಿ, ಎಲ್ಲಿ ಇರುತ್ತೀರೋ ಅಲ್ಲಿಗೆ ಹೊಂದಿಕೊಳ್ಳಿರಿ. ಹೀಗೆ ಹೇಳಿ ಬೆತ್ತ ಕೆಳಗಿಟ್ಟು ಮನೆಗೆ ಬಂದು, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟು ತಳ್ಳಿ ಏಳುತ್ತಿದ್ದೆ.

ಇದು ನಿಜಾಮರ ಕಾಲದ ಮಾತು. ನಾನು ಹುಟ್ಟಿದ್ದು ಭಾಲ್ಕಿ ಹತ್ತಿರದ ಹಲಬರ್ಗಾದಲ್ಲಿ, ಓದಿದ್ದು ಬೀದರಿನಲ್ಲಿ, ಅದೂ ಪೂರಾ ಉರ್ದುವಿನಲ್ಲಿ. ಮನೆಯಲ್ಲಿ ಅವ್ವನ ಸಂಗಡ ಕನ್ನಡ, ಸಂತೆಯಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು. ಮಾತಿಗೆ ಮೂರು ಬಾಗಿಲಿದ್ದರೂ ಓದು ಬರಹಕ್ಕೆ ಒಂದೇ. ಕನ್ನಡದ ಅಕ್ಷರಗಳು ಕಣ್ಣಿಗೆ ಬಿದ್ದಾಗ ನನಗೆ ನೆನಪಾಗುತ್ತಿದ್ದದ್ದು ಜಿಲೇಬಿ. ನನ್ನ ಹೆಂಡತಿ ಸುಗಲಾಬಾಯಿ ಮಾತ್ರ ಗಡಿಯ ಮೆಹಕರದ ಅಯ್ನೋರ ಮನೆಯವಳು. ಅವಳ ಅಜ್ಜ ಅಂಗಳದ ಉಸುಕಿನಲ್ಲಿ ಅಕ್ಷರ ತೀಡಿಸಿ, ವಚನಗಳನ್ನು ಓದುವಷ್ಟು ಕನ್ನಡ ಕಲಿಸಿದ್ದರಂತೆ. ಮದುವೆಯ ಹೊಸದರಲ್ಲಿ ಅವಳು ಅದನ್ನು ಹೇಳಿದಾಗ ನಾನು, ಇಟ್ಟುಕೋ, ಉಪ್ಪಿನಕಾಯಿ ಭರಣಿಗೆ ಹೆಸರು ಬರೆಯಲು ಬರುತ್ತದೆ ಎಂದು ನಕ್ಕಿದ್ದೆ. ಔರಾದಿಗೆ ಬಂದ ಮೊದಮೊದಲು ಅವಳ ಮಾತಿನಲ್ಲಿ ಮರಾಠಿ ಬಹಳ ಬೆರೆತಿತ್ತು. ಓಣಿಯ ಹೆಂಗಸರು ಅವಳ ಹಿಂದೆ ಅದನ್ನೇ ಆಡಿ ತೋರಿಸಿ ನಗುತ್ತಿದ್ದರು. ನಾನು ಅವಳಿಗೂ ಕಪ್ಪೆಯ ಉದಾಹರಣೆ ಕೊಟ್ಟು ಸಮಾಧಾನ ಹೇಳಿದ್ದೆ. ಆ ದಿನ ಊಟ ತಡವಾಗಿ ಸಿಕ್ಕಿತ್ತೆಂಬುದು ಬಿಟ್ಟರೆ ಬೇರೆ ಪರಿಣಾಮ ಕಾಣಲಿಲ್ಲ.

ಒಂದು ವರ್ಷ ಸಾಲೆಯ ಜಲಸಾಕ್ಕೆ ಭಾಲ್ಕಿ ಕಡೆಯ ಒಬ್ಬ ಜಾಗೀರದಾರರು ಬಂದರು. ನವಾಬ ಸಾಹೇಬರು ಎಂದರೆ ಆಗ ಅರ್ಧ ತಾಲೂಕು ಬಾಗುತ್ತಿತ್ತು. ಉಳಿದರ್ಧ ಆಗಲೇ ಬಾಗಿಕೊಂಡೇ ಇರುತ್ತಿತ್ತು. ಅವರ ತಬೇಲೆಯಲ್ಲಿ ಒಂಟೆ ಇದೆ ಎಂದು ಯಾರೋ ನನ್ನ ಕಿವಿಯಲ್ಲಿ ಊದಿದರು. ನಾನು ಎದ್ದು ನಿಂತು ಒಂಟೆಯ ಮೇಲೆ ಭಾಷಣ ಬಿಗಿದೆ. ಅದು ಮರುಭೂಮಿಯ ಹಡಗು. ವಾರಗಟ್ಟಲೆ ನೀರು ಕೇಳುವುದಿಲ್ಲ. ಮುಳ್ಳು ತಿಂದು ಮುಗುಳ್ನಗುತ್ತದೆ. ಸೃಷ್ಟಿಯಲ್ಲಿ ಅದರಷ್ಟು ಸಹನಶೀಲ ಪ್ರಾಣಿ ಇನ್ನೊಂದಿಲ್ಲ. ಒಂಟೆಯನ್ನು ನಾನು ಅಲ್ಲಿಯವರೆಗೆ ನೋಡಿದ್ದು ಪುಸ್ತಕದ ಚಿತ್ರದಲ್ಲಿ ಮಾತ್ರ, ಅದೂ ಬಾಲದ ಭಾಗ ಹರಿದುಹೋಗಿದ್ದ ಚಿತ್ರದಲ್ಲಿ. ನವಾಬ ಸಾಹೇಬರ ಕಣ್ಣು ತೇವವಾಯಿತು. ತಮ್ಮ ಮನೆಯ ಪ್ರಾಣಿಯನ್ನು ಇಷ್ಟು ಚೆನ್ನಾಗಿ ಬಲ್ಲವರು ಔರಾದಿನಲ್ಲಿದ್ದಾರೆಂದು ಗೊತ್ತಿರಲಿಲ್ಲ ಎಂದರು. ಹೊಗಳಿಕೆಗೂ ಎಂದಾದರೂ ಮೇವು ಹಾಕಬೇಕಾಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಆಮೇಲೆ ರಜಾಕಾರರ ಗಲಾಟೆ, ಅದರ ಬೆನ್ನಿಗೆ ಪೊಲೀಸ್ ಆಕ್ಷನ್. ಆ ತಿಂಗಳುಗಳ ಬಗ್ಗೆ ನಗೆಯಾಡುವ ಧೈರ್ಯ ನನಗಿಲ್ಲ. ನಗೆ ಸಾಲದಂಥ ಸಂಗತಿಗಳು ಎರಡೂ ಕಡೆ ಆದವು. ನಮ್ಮ ಸಾಲೆಯ ಹೆಡ್‌ಮಾಸ್ತರರು ಖಾದರ ಸಾಹೇಬರು, ಬೀದರಿನ ಹಳೆಯ ಮನೆತನದವರು. ರಜಾಕಾರರ ಕಾಲದಲ್ಲಿ ನಾವು ಗಂಡಹೆಂಡಿರು ಬೀದರಿನಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಆಕ್ಷನ್ ಆದ ಮೇಲೆ ಅವರ ಮನೆಯವರು ಔರಾದಿನಲ್ಲಿ ನಮ್ಮ ಕಾಳಿನ ಕೋಣೆಯಲ್ಲಿದ್ದರು. ಎರಡು ಸಲವೂ ಮೊದಲ ದಿನ ಹೆಂಗಸರಿಬ್ಬರೂ ಕೈ ಕೈ ಹಿಡಿದು ಅತ್ತರು. ವಾರ ಕಳೆಯುವುದರೊಳಗೆ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂಬ ಬಗ್ಗೆ ಮಾತು ಬಿಟ್ಟರು. ಭಯಕ್ಕೂ ಮನುಷ್ಯ ಎಷ್ಟು ಬೇಗ ಹೊಂದಿಕೊಳ್ಳುತ್ತಾನೆ ಎಂದು ಖಾದರ ಸಾಹೇಬರು ನಿಟ್ಟುಸಿರುಬಿಟ್ಟರು. ಮನುಷ್ಯ ಹೊಂದಿಕೊಂಡಿದ್ದ, ಬೆಳ್ಳುಳ್ಳಿ ಹೊಂದಿಕೊಂಡಿರಲಿಲ್ಲ.

ಊರು ತಣ್ಣಗಾದ ಮೇಲೆ ಹೊಂದಿಕೊಳ್ಳುವ ಹಬ್ಬವೇ ಶುರುವಾಯಿತು. ತಲೆಯ ಮೇಲಿನ ಗೊಂಡೆಯ ರೂಮಿ ಟೋಪಿಗಳು ಮಾಯವಾಗಿ ಬಿಳಿ ಟೋಪಿಗಳು ಬಂದವು. ದರ್ಜಿ ಹಳೆಯ ಶೇರವಾನಿಗಳ ಕೆಳಭಾಗ ಕತ್ತರಿಸಿ ಜಾಕೀಟು ಮಾಡಿಕೊಡತೊಡಗಿದ. ಕತ್ತರಿಸಿದ ತುಂಡಿನಲ್ಲಿ ಸಂತೆಯ ಚೀಲ. ನನ್ನ ರೂಮಿ ಟೋಪಿಯನ್ನು ಸುಗಲಾಬಾಯಿ ಮೊಳೆಗೆ ತಲೆಕೆಳಗಾಗಿ ನೇತುಹಾಕಿ ಒಣಮೆಣಸಿನಕಾಯಿ ತುಂಬಿದಳು. ನನಗೆ ದೊಡ್ಡ ಕಷ್ಟವಾದದ್ದು ಕೈಯದು. ಮೇಲಿನ ಸಾಹೇಬರನ್ನು ಕಂಡ ಕೂಡಲೇ ಆದಾಬಿಗೆಂದು ಬಲಗೈ ತಾನಾಗಿ ಹಣೆಯತ್ತ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ಕಾಲ ಬದಲಾದದ್ದು ನೆನಪಾಗಿ ಎಡಗೈ ನಮಸ್ಕಾರಕ್ಕೆಂದು ಎದ್ದು ಬರುವಷ್ಟರಲ್ಲಿ ಸಾಹೇಬರು ದಾಟಿ ಹೋಗಿರುತ್ತಿದ್ದರು. ಸೊಳ್ಳೆ ಹೊಡೆಯುವ ಮಾಸ್ತರನೆಂದು ಒಬ್ಬ ಅಧಿಕಾರಿ ನನ್ನನ್ನು ಬಹುಕಾಲ ನೆನಪಿಟ್ಟಿದ್ದರಂತೆ.

ಹೀಗಿರಲು ಜಾಗೀರುಗಳು ರದ್ದಾದವು. ನವಾಬ ಸಾಹೇಬರು ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೊರಟರು. ಹೊರಡುವ ಮುನ್ನ ತಬೇಲೆಯ ಪ್ರಾಣಿಗಳನ್ನು ಬೇಕಾದವರಿಗೆ ಹಂಚಿದರು. ಬೇಸಿಗೆಯ ಒಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ತರಗತಿಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಉದ್ದ ಮೂತಿ, ಅರ್ಧ ಮುಚ್ಚಿದ ಕಣ್ಣು, ಇಡೀ ತಾಲೂಕನ್ನು ಕ್ಷಮಿಸಿದಂಥ ತುಟಿ. ಹಗ್ಗ ಹಿಡಿದ ಮನುಷ್ಯ ನವಾಬರ ಸಲಾಮು ತಿಳಿಸಿ, ಇದರ ಹೆಸರು ಶಹಜಾದಿ, ಬೈಠ್ ಅಂದರೆ ಕೂಡುತ್ತಾಳೆ, ಉಠ್ ಅಂದರೆ ಏಳುತ್ತಾಳೆ, ಒಂಟೆಯನ್ನು ಬಲ್ಲ ಮಾಸ್ತರರಿಗೆ ಕೊಟ್ಟು ಬಾ ಎಂದಿದ್ದಾರೆ ಎಂದ. ಹಗ್ಗವನ್ನು ನನ್ನ ಕೈಗಿಟ್ಟು, ಹಿಂತಿರುಗಿ ನೋಡದೆ, ಅಷ್ಟು ಬೇಗ ಹೋಗಬೇಕಾದ ಕಾರಣವನ್ನೂ ಹೇಳದೆ ನಡೆದುಬಿಟ್ಟ. ಸಾಲೆಗೆ ಕಂಪೌಂಡು ಇಲ್ಲ. ನಾನು ಖಾದರ ಸಾಹೇಬರ ಮುಖ ನೋಡಿದೆ. ಅವರು ಗಡ್ಡ ನೀವಿಕೊಂಡು, "ಸಬಕ್ ತುಮಾರಾ, ಊಂಟ್ ಭೀ ತುಮಾರಾಚ್" ಅಂದರು. ಪಾಠ ನನ್ನದಾದ ಮೇಲೆ ಒಂಟೆಯೂ ನನ್ನದೇ.

ಸುಗಲಾಬಾಯಿ ಬಾಗಿಲಲ್ಲಿ ನಿಂತು ಒಂಟೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಮೇಲಿನ ತುದಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಬಳಿಕ ನನ್ನನ್ನು ನೋಡಿದಳು. ಅದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ.

"ಇದು ಏನ್ ತಿಂತದರಿ?" ಅಂದಳು.

ಏನೂ ತಿನ್ನುವುದಿಲ್ಲ, ಒಂದಿಷ್ಟು ಮುಳ್ಳು, ನೀರಂತೂ ವಾರಗಟ್ಟಲೆ ಬೇಡವೇ ಬೇಡ ಎಂದು ಪುಸ್ತಕದ ಭರವಸೆಯನ್ನು ನಾನು ಕೊಡುತ್ತಿರುವಾಗಲೇ ಶಹಜಾದಿ ಕತ್ತು ಚಾಚಿ, ಬಚ್ಚಲ ಪಕ್ಕದ ಬಾನಿಗೆ ಮೂತಿ ಇಟ್ಟಳು. ಬಾನಿಯ ತಳ ಕಾಣಿಸಿದ ಮೇಲೆ ಹಂಡೆ. ಹಂಡೆಯ ಬಳಿಕ ನಾವು ಕುಡಿಯಲು ಇಟ್ಟ ಹರವಿ. ಪುಸ್ತಕ ಬರೆದವನ ಒಂಟೆ ವಾರ ನೀರು ಬಿಟ್ಟಿರಬಹುದು. ನನಗೆ ಸಿಕ್ಕಿದ್ದು ವಾರ ಮುಗಿದ ಮರುದಿನದ ಒಂಟೆ. ಮುಳ್ಳಿನ ಮಾತು ಮಾತ್ರ ಖರೆ. ಹಿತ್ತಲಿಗೆ ಕಷ್ಟಪಟ್ಟು ಹಚ್ಚಿಸಿದ್ದ ಜಾಲಿಮುಳ್ಳಿನ ಬೇಲಿಯನ್ನು ಸಂಜೆಯೊಳಗೆ ಆಕೆ ಚೊಕ್ಕಟವಾಗಿ ತಿಂದು ಮುಗಿಸಿದಳು. ಬೇಲಿ ಹೋದ ಮೇಲೆ ಪಕ್ಕದ ಮನೆಯ ಬೋರೆಗಿಡ ಯಾರದೆಂಬ ಪ್ರಶ್ನೆಯೇ ಉಳಿಯಲಿಲ್ಲ. ಪಕ್ಕದ ಮನೆ ಮಾಣಿಕಪ್ಪ ಕಾಕಾನದು. ನಾಲ್ಕಾರು ಎಮ್ಮೆ ಕಟ್ಟಿ ಹಾಲು ಮಾರುವ ಮುದುಕ. ಆತ ಬಂದು, ಗಿಡ ಹೋಗಲಿ, ಆದರೆ ನಿಮ್ಮ ಒಂಟೆ ಗೋಡೆಯ ಮೇಲಿಂದ ನಾನು ಊಟ ಮಾಡುವುದನ್ನು ನೋಡುತ್ತ ನಿಲ್ಲುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ದೂರಿದ.

ಸಂತೆಯ ದಿನ ಇನ್ನೂ ಫಜೀತಿ. ಚಿಂತಾಕಿಯಿಂದ ಬಂದ ಎತ್ತಿನ ಗಾಡಿಗಳು ನಮ್ಮ ಓಣಿಯ ಬಾಯಿಗೆ ಬಂದವು. ಎತ್ತುಗಳು ಜನ್ಮದಲ್ಲಿ ಒಂಟೆ ಕಂಡಿರಲಿಲ್ಲ. ಮೊದಲ ಜೋಡಿ ವಾಸನೆ ಹಿಡಿದದ್ದೇ ತಡ, ಬಾಲ ಎತ್ತಿಕೊಂಡು ಬಂದ ದಾರಿಯಲ್ಲೇ ಊರಿಗೆ ಹೊರಟವು. ಬೆಲ್ಲದ ಪೆಂಟೆಗಳು ದಾರಿಯುದ್ದಕ್ಕೂ ಉರುಳಿದವು. ಯಾರಿಗೂ ಪೆಟ್ಟಾಗಲಿಲ್ಲ, ಇರುವೆಗಳಿಗೆ ಒಳ್ಳೆಯದಾಯಿತು. ಆದರೆ ಜನ ಖಾದರ ಸಾಹೇಬರ ಹತ್ತಿರ ಹೋಗಿ, ಮಾಸ್ತರರಿಗೆ ಪಾಠ ಹೇಳಲು ಕೋಳಿ, ನಾಯಿ ಸಾಲದೇ ಎಂದು ಕೇಳಿದರು. ನಾನು ಒಂಟೆಯನ್ನು ಯಾರಿಗಾದರೂ ದಾಟಿಸಲು ತಿರುಗಿದೆ. ಸಾಲೆಯ ಇಲಾಖೆ, ಪ್ರಾಣಿ ನಮ್ಮ ಬಾಬತ್ತಲ್ಲ ಎಂದಿತು. ದನದ ಡಾಕ್ಟರರು, ನಾನು ದನದ ಡಾಕ್ಟರ, ಇದು ದನವಲ್ಲ ಎಂದರು. ಮಠಕ್ಕೆ ಕೊಡಲು ಹೋದರೆ ಸ್ವಾಮಿಗಳು ಬಹಳ ಹೊತ್ತು ಧ್ಯಾನದಲ್ಲಿದ್ದರು. ನಾನು ಎದ್ದು ಬಂದ ಮೇಲೆ ಕಣ್ಣು ತೆರೆದರಂತೆ.

ಮಳೆಗಾಲ ಬಂತು. ನಮ್ಮ ಔರಾದಿನ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಯಲ್ಲಿ ಬಾಯಿ ಮುಚ್ಚಿ ಕಾಲು ಹಿಡಿಯುತ್ತದೆ. ಚಪ್ಪಲಿ ಹಾಕಿ ಹೋದವನು ಬರಿಗಾಲಲ್ಲಿ ಬರುತ್ತಾನೆ. ಮರಳಿಗೆಂದು ದೇವರು ಕೊಟ್ಟ ಅಗಲ ಪಾದಗಳು ಇಲ್ಲಿ ಬೆಣ್ಣೆಯ ಮೇಲಿಟ್ಟ ತಟ್ಟೆಗಳಾದವು. ಒಂದು ಮುಂಜಾನೆ ಹಳ್ಳದ ದಾರಿಯಲ್ಲಿ ಶಹಜಾದಿಯ ಹಿಂಗಾಲುಗಳು ಒಂದೊಂದು ಕಡೆ ಜಾರಿದವು. ಆಕೆ ಕೆಸರಿನಲ್ಲಿ ಕುಸಿದು ಕೂತಳು. ಏಳುವ ಧೈರ್ಯವಿಲ್ಲ, ಗಂಟಲಿನಿಂದ ಹಂಡೆ ಕುದಿಯುವಂಥ ಒಂದು ಶಬ್ದ. ಊರು ನೆರೆಯಿತು. ಹಗ್ಗ ಹಾಕಿ ಎಳೆದರು, ಬಾಲ ತಿರುಚಿದರು, ಮೂರೂ ಭಾಷೆಯಲ್ಲಿ ಬೈದರು. ನಾನು ಉಠ್ ಉಠ್ ಎಂದು ಕೂಗಿ ಕೂಗಿ ದನಿ ಕಳೆದುಕೊಂಡೆ. ಬಿದ್ದ ಒಂಟೆ ಏಳುವುದಿಲ್ಲ, ಮುಗಿಯಿತು ಎಂದು ಯಾರೋ ಅಂದರು. ಒಳಗೊಳಗೆ ನನಗೆ ಸ್ವಲ್ಪ ಹಗುರವೆನಿಸಿದ್ದೂ ಸುಳ್ಳಲ್ಲ.

ಆಗ ಸುಗಲಾಬಾಯಿ ಬಂದಳು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ನನಗೆಂದು ಮಾಡಿದ್ದ ಜೋಳದ ರೊಟ್ಟಿಗಳು. ಕೆಸರಿನಲ್ಲೇ ಕೂತಳು. ರೊಟ್ಟಿ ಮುರಿದು ಒಂದೊಂದೇ ತುಂಡು ತಿನ್ನಿಸುತ್ತ ಏನೋ ಮಾತಾಡತೊಡಗಿದಳು. ಒಂಟೆ ಅಷ್ಟುದ್ದದ ಕತ್ತನ್ನು ತಂದು ಅವಳ ತೊಡೆಯ ಮೇಲೆ ಇಳಿಬಿಟ್ಟಿತು.

"ಪಾಪ, ಇದರ ತವರುಮನಿ ಭಾಳ ದೂರ ಅದರಿ," ಅಂದಳು ಯಾರಿಗೋ. "ಹೊಸ ಊರಾಗ ಕಾಲ್ ಜಾರಿದ್ರ ಎಲ್ಲಾರೂ ನಿಂತು ನಗ್ತಾರ. ಎಬ್ಬಸ್ಲಕ ಒಬ್ರೂ ಬರಂಗಿಲ್ಲ."

ಅವಳು ನನ್ನತ್ತ ನೋಡಲಿಲ್ಲ. ಆದರೂ ಆ ಮಾತು ಸೀದಾ ನನ್ನ ಹತ್ತಿರ ಬಂತು. ಅವಳ ಮರಾಠಿಯನ್ನು ಆಡಿ ತೋರಿಸುತ್ತಿದ್ದ ಓಣಿಯ ಹೆಂಗಸರು ಅಲ್ಲೇ ನಿಂತಿದ್ದರು. ಅವರಲ್ಲಿ ಒಬ್ಬಳು ಹೋಗಿ ಜೋಳದ ಕಣಿಕೆಯ ಸಿವುಡು ತಂದಳು. ಇನ್ನೊಬ್ಬಳು ಒಲೆಯ ಬೂದಿ ತಂದಳು. ನೋಡನೋಡುತ್ತಿದ್ದಂತೆ ಕಾಲ ಕೆಳಗೆ ಬೂದಿ, ಬೂದಿಯ ಮೇಲೆ ಕಣಿಕೆ ಹಾಸಿ ಮನೆಯವರೆಗೆ ದಾರಿಯಾಯಿತು. "ಏಳವ್ವ, ಶಾಜವ್ವ, ಏಳ" ಎಂದು ಸುಗಲಾಬಾಯಿ ಕುತ್ತಿಗೆ ತಟ್ಟಿದಳು. ಶಹಜಾದಿಯಾಗಿ ಬಿದ್ದವಳು ಶಾಜವ್ವನಾಗಿ ಎದ್ದಳು. ಆವತ್ತು ನನಗೆ ರೊಟ್ಟಿ ಉಳಿದಿರಲಿಲ್ಲ. ತಾಟು ತಳ್ಳುವ ಪ್ರಸಂಗವೇ ಬರಲಿಲ್ಲ.

ಅಲ್ಲಿಂದ ಮುಂದೆ ಶಾಜವ್ವನ ಸಂಸಾರ ದಾರಿಗೆ ಬಂತು. ಕೆಸರಿನಲ್ಲಿ ಕಾಲನ್ನು ಅಗಲಿಸದೆ, ಹೊಸ ಸೊಸೆಯ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುವುದನ್ನು ಕಲಿತಳು. ಮಾಣಿಕಪ್ಪ ಕಾಕಾನ ಎಮ್ಮೆಗಳ ಸಂಗಡ ಸ್ನೇಹ ಬೆಳೆಸಿ, ಅವು ಹೊರಟಾಗ ತಾನೂ ಸಾಲಿನಲ್ಲಿ ಕೊನೆಯವಳಾಗಿ ಹೊರಟು, ಸಂಜೆ ಅವುಗಳ ಜೊತೆಗೇ ಬರತೊಡಗಿದಳು. ಸಂತೆಯ ಎತ್ತುಗಳೂ ಅವಳ ವಾಸನೆಗೆ ಒಗ್ಗಿಕೊಂಡವು. ಸುಗಲಾಬಾಯಿ ಬೀಸುವಾಗ ವಚನ ಹಾಡಿಕೊಂಡರೆ ಅಡಿಗೆಮನೆಯ ಕಿಟಕಿಯಲ್ಲಿ ತಲೆಯಿಟ್ಟು ಕೇಳುತ್ತಿದ್ದಳು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಸುಗಲಾಬಾಯಿಯ ಮಾತನ್ನು ಪೂರ್ತಿ ಕೇಳುವ ಒಂದು ಜೀವ ಅಷ್ಟು ದಿನಕ್ಕೆ ಬಂದಿತ್ತು. ಬಂದದ್ದು ಯಾವ ರೂಪದಲ್ಲಿ ಎಂದು ಅವಳು ತಕರಾರು ಮಾಡಲಿಲ್ಲ.

ಸಂಕಟ ಶುರುವಾದದ್ದು ನನಗೆ. ಇನ್ನು ಮೇಲೆ ಸಾಲೆಗಳಲ್ಲಿ ಉರ್ದು ಬದಲು ಕನ್ನಡದಲ್ಲಿ ಪಾಠ ಎಂದು ಹುಕುಂ ಬಂತು. ಧಾರವಾಡದ ಕಡೆಯ ಒಬ್ಬ ಇನ್ಸ್‌ಪೆಕ್ಟರರು ಪ್ರತಿ ಮಾಸ್ತರನ ಒಂದೊಂದು ಪಾಠ ನೋಡಿ, ಕನ್ನಡ ಬಾರದವರನ್ನು ದೂರದ ಉರ್ದು ಸಾಲೆಗಳಿಗೆ ಕಳಿಸುತ್ತಾರೆಂದು ಸುದ್ದಿಯಾಯಿತು. ಖಾದರ ಸಾಹೇಬರಿಗೆ ಅಂಜಿಕೆಯಿರಲಿಲ್ಲ. ಬೀದರಿನ ಉರ್ದು ಸಾಲೆಗೆ, ಅಂದರೆ ಸ್ವಂತ ಮನೆಗೆ, ಹೋಗಲು ಅವರು ಕಾದಿದ್ದರು. ಅಂಜಿಕೆ ನನಗೆ. ಹುಟ್ಟಾ ಕನ್ನಡಿಗ, ಕನ್ನಡ ಬರುವುದಿಲ್ಲವೆಂದು ಹೊರಗೆ ಹಾಕಿಸಿಕೊಂಡರೆ ಹಲಬರ್ಗಾಕ್ಕೆ ಯಾವ ಮುಖ ಹೊತ್ತು ಹೋಗಲಿ? ಸುಗಲಾಬಾಯಿ, ನಾನು ಅಕ್ಷರ ಕಲಿಸ್ತೇನಿ ಕೂಡ್ರಿ ಎಂದಳು. ಮಾಸ್ತರನಾದವನು ಹೆಂಡತಿಯ ಮುಂದೆ ಸ್ಲೇಟು ಹಿಡಿಯುವುದೇ? ನಾನು ಬೇರೆ ಉಪಾಯ ಹೂಡಿದೆ. ಒಂಟೆಯ ಪಾಠವನ್ನೇ ಆರಿಸಿ, ಕನ್ನಡದಲ್ಲಿ ಏನೇನು ಹೇಳಬೇಕೋ ಎಲ್ಲವನ್ನೂ ಉರ್ದು ಅಕ್ಷರದಲ್ಲಿ ಬರೆದುಕೊಂಡೆ.

ಉರ್ದು ಲಿಪಿಯ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದು ದೊಡ್ಡ ಮನೆತನದ ಲಿಪಿ. ಅ, ಇ, ಉಗಳಂಥ ಚಿಲ್ಲರೆ ಸ್ವರಗಳನ್ನು ಬರೆಯುವುದಿಲ್ಲ. ತಿಳಿದವರು ತಿಳಿದುಕೊಳ್ಳಲಿ ಎಂದು ಬಿಡುತ್ತದೆ. ಇನ್ಸ್‌ಪೆಕ್ಟರರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತಾಗ ನನ್ನೊಳಗಿನ ತಿಳಿದವನು ಎದ್ದು ಹೊರಗೆ ಹೋದ. "ಒಂಟೆ ಮರಳಿನಲ್ಲಿ ನಡೆಯುತ್ತದೆ" ಎಂದು ಓದಬೇಕಾದಲ್ಲಿ "ಮರುಳಿನಲ್ಲಿ ನಡೆಯುತ್ತದೆ" ಎಂದೆ. ಹುಡುಗರು ತಲೆಯಾಡಿಸಿದರು, ಅವರು ಶಾಜವ್ವನನ್ನು ಕಂಡವರು. "ಅದರ ಡುಬ್ಬದಲ್ಲಿ ಕೊಬ್ಬು ತುಂಬಿರುತ್ತದೆ" ಎಂಬಲ್ಲಿ "ಕಬ್ಬು ತುಂಬಿರುತ್ತದೆ" ಎಂದೆ.

ಇನ್ಸ್‌ಪೆಕ್ಟರರು ಕನ್ನಡಕ ತೆಗೆದರು. "ಮಾಸ್ತರ, ಹಂಗಾದ್ರ ಒಂಟಿ ಹಿಂಡಿದ್ರ ಬೆಲ್ಲ ಬರಬೇಕಲ್ಲ?" ಅಂದರು.

ಹಾಳಾಗುವ ಹಣೆಬರಹ ಇದ್ದಾಗ ಅರ್ಧಕ್ಕೆ ನಿಲ್ಲುವುದಿಲ್ಲ. ನಾನು ಬೆವರು ಒರೆಸಿಕೊಂಡು, ಒಂಟೆಗೆ ನೀರಿನ ಹತ್ತಿರ ಸುಳಿಯುವುದೂ ಇಷ್ಟವಿಲ್ಲ ಎಂದು ಕೊನೆಯ ಮಾತು ಹೇಳುವಾಗ ಇಡೀ ತರಗತಿ ಕಿಟಕಿಯತ್ತ ತಿರುಗಿತು. ಹೊರಗೆ ಹಳ್ಳದ ಮಡುವಿನಲ್ಲಿ ಮಾಣಿಕಪ್ಪ ಕಾಕಾನ ಎಮ್ಮೆಗಳ ನಡುವೆ, ಹೊಟ್ಟೆಮಟ್ಟ ನೀರಿನಲ್ಲಿ, ಶಾಜವ್ವ ಕಣ್ಣು ಮುಚ್ಚಿ ನಿಂತಿದ್ದಳು. ಇನ್ಸ್‌ಪೆಕ್ಟರರು ಬಹಳ ಹೊತ್ತು ಆ ನೋಟ ನೋಡಿದರು. ಫಲಿತಾಂಶ ಬೀದರಿನಿಂದ ತಿಳಿಸುತ್ತೇವೆ ಎಂದು ಎದ್ದರು.

ಅದೇ ವಾರ ಇನ್ನೊಂದು ಸಿಡಿಲು. ರದ್ದಾದ ಜಾಗೀರುಗಳ ಸಾಮಾನು ಸರಂಜಾಮೆಲ್ಲ ಸರಕಾರಕ್ಕೆ ಸೇರಬೇಕು. ಔರಾದಿನ ಒಬ್ಬ ಮಾಸ್ತರನ ಮನೆಯಲ್ಲಿ ಜಾಗೀರಿನ ಒಂಟೆ ಇದೆಯಂತೆ ಎಂದು ಯಾರೋ ಬೀದರಿನಲ್ಲಿ ಊದಿದ್ದರು. ಒಂಟೆಯನ್ನು ಒಯ್ಯಲು ಒಬ್ಬ ಅಧಿಕಾರಿ ಬರುತ್ತಾರೆ, ಬೀದರಿನಲ್ಲಿ ಹರಾಜು ಹಾಕುತ್ತಾರೆ ಎಂದು ಮಾಣಿಕಪ್ಪ ಕಾಕಾ ಸಂತೆಯಿಂದ ಸುದ್ದಿ ತಂದ. ಹಿಂದಿನ ಹರಾಜಿನಲ್ಲಿ ಜಾಗೀರಿನ ಮುದಿ ಕುದುರೆಗಳನ್ನು ಕೊಂಡವರು ಅವುಗಳನ್ನು ಸಾಕಲು ಒಯ್ದಿರಲಿಲ್ಲವೆಂದೂ ಹೇಳಿದ. ನಾನು ಬೇಸಿಗೆಯಿಂದ ಬೇಡಿಕೊಂಡದ್ದು ಕೊನೆಗೂ ಬಾಗಿಲಿಗೆ ಬಂದಿತ್ತು. ಖುಷಿಯಾಗಬೇಕಿತ್ತು. ಆದರೆ ಸುಗಲಾಬಾಯಿ ಒಲೆಯ ಮುಂದೆ ಕೂತು ಒಂದೂ ಮಾತಾಡದೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಬೈದರೆ ನನಗೆ ಅಭ್ಯಾಸವಿದೆ. ಸುಮ್ಮನಿದ್ದರೆ ಮನೆಯ ಗೋಡೆಗಳೇ ಬೇರೆಯವರವೆನಿಸುತ್ತವೆ. ಹಿತ್ತಲಿಗೆ ಹೋಗಿ ನಿಂತೆ. ಶಾಜವ್ವ ನನ್ನ ಜೇಬಿಗೆ ಮೂತಿ ಹಾಕಿ, ಏನೂ ಸಿಗದೆ, ಆದರೂ ಅಲ್ಲೇ ಇಟ್ಟುಕೊಂಡು ನಿಂತಳು. ನನ್ನ ಎದೆಯಲ್ಲಿ ಏನೋ ಒಂದು ಜಾರಿ ಕೆಸರಿನಲ್ಲಿ ಕೂತಿತು.

ಅಧಿಕಾರಿ ಮರುದಿನ ಮುಂಜಾನೆ ಬಂದರು. ಅವರೂ ಧಾರವಾಡದ ಕಡೆಯವರೇ. ಹೊಸಬರು, ಧೂಳಿನಲ್ಲಿ ದಣಿದಿದ್ದರು. ಸಂಗಡ ಒಬ್ಬ ಚಪರಾಸಿ. ಉರ್ದು ತಿಳಿದವರೊಬ್ಬರು ಸಾಕ್ಷಿಗೆ ಇರಲೆಂದು ಖಾದರ ಸಾಹೇಬರನ್ನೂ ಕರೆಸಿದ್ದರು. ಓಣಿಯೆಲ್ಲ ನಮ್ಮ ಅಂಗಳದಲ್ಲಿ. ಇದು ಜಾಗೀರಿನ ಒಂಟಿ ಹೌದೇನು ಎಂದು ಅಧಿಕಾರಿ ಕೇಳಿದರು. ನಾನು ಸತ್ಯ ಹೇಳಲೋ ಸುಳ್ಳು ಹೇಳಲೋ, ಯಾವ ಭಾಷೆಯಲ್ಲಿ ಹೇಳಲೋ ಎಂದು ತಡವರಿಸುತ್ತಿದ್ದಾಗ ಬಾಗಿಲ ಮರೆಯಿಂದ ಸುಗಲಾಬಾಯಿಯ ದನಿ ಬಂತು.

"ಜಾಗೀರದ್ದು ಅಂದ್ರ ಅದಕ್ಕ ಉರ್ದು ಬರಬೇಕಲ್ರಿ ಸಾಹೇಬ್ರ. ಇದು ನಮ್ಮ ಮನಿದು. ಬೇಕಾದ್ರ ಮಾತಾಡ್ಸಿ ನೋಡ್ರಿ."

ಅಧಿಕಾರಿಗೆ ಇದು ನ್ಯಾಯವೆನಿಸಿತೋ ತಮಾಷೆಯೆನಿಸಿತೋ, ಚಪರಾಸಿಗೆ ಸನ್ನೆ ಮಾಡಿದರು. ಅವನು ಎದೆಯುಬ್ಬಿಸಿ "ಬೈಠ್" ಅಂದ. ಶಾಜವ್ವ ಮೆಲುಕು ಹಾಕುತ್ತ ಅವನ ನೆತ್ತಿಯ ಮೇಲಿಂದ ದೂರದ ಹೊಲಗಳನ್ನು ನೋಡಿದಳು. ಅವನು ಇನ್ನೂ ಜೋರಾಗಿ ಅಂದ. ಅವಳು ಮೆಲುಕಿನ ದಿಕ್ಕು ಬದಲಾಯಿಸಿದಳು. ಆಗ ಅಧಿಕಾರಿ, ನೀವು ಮಾತಾಡಿಸಿ ಎಂದು ಖಾದರ ಸಾಹೇಬರನ್ನು ಕೇಳಿದರು. ಬೀದರಿನಲ್ಲಿ ಅವರಷ್ಟು ಸ್ಪಷ್ಟ ಉರ್ದು ಮಾತಾಡುವವರು ಕಡಿಮೆ. ಸಾಹೇಬರು ಸುಳ್ಳು ಹೇಳುವ ಮನುಷ್ಯರೂ ಅಲ್ಲ. ಅವರು ಮುಂದೆ ಬಂದು ಶೇರವಾನಿಯ ಗುಂಡಿ ಸರಿಮಾಡಿಕೊಂಡರು. ಒಂಟೆಯ ಎದುರು ಸ್ವಲ್ಪ ಬಾಗಿ, ನವಾಬರ ದರಬಾರಿನಲ್ಲಿ ಬೇಗಮರಿಗೆ ಹೇಳುವ ದನಿಯಲ್ಲಿ, "ಶಹಜಾದಿ ಸಾಹಿಬಾ, ಜರಾ ತಶ್ರೀಫ್ ರಖಿಯೇ" ಅಂದರು. ದಯಮಾಡಿ ಆಸೀನರಾಗಿರಿ ಎಂಬ ಆ ಮರ್ಯಾದೆಯ ಮಾತನ್ನು ಯಾವ ತಬೇಲೆಯಲ್ಲಿ ಯಾವ ಒಂಟೆಗೆ ಯಾರು ಹೇಳಿರುತ್ತಾರೆ? ಶಾಜವ್ವ ಒಂದು ಕಿವಿ ಕೊಡವಿದಳು. ಸಾಹೇಬರು ಅಧಿಕಾರಿಯತ್ತ ತಿರುಗಿದರು.

"ನಂದು ಉರ್ದು ತಿಳಿಲಾರದ ಒಂಟಿ ನವಾಬರ ಮನಿದು ಹ್ಯಾಂಗ ಇದ್ದೀತ್ರಿ?"

ಸುಗಲಾಬಾಯಿ ಬಾಗಿಲು ದಾಟಿ ಅಂಗಳಕ್ಕೆ ಬಂದಳು. ಹಗ್ಗ ಮುಟ್ಟಲಿಲ್ಲ, ದನಿ ಎತ್ತರಿಸಲಿಲ್ಲ. "ಶಾಜವ್ವ, ಕೂಡ" ಅಂದಳು. ಒಂಟೆ ಮೊದಲು ಮುಂಗಾಲು ಮಡಚಿತು, ಆಮೇಲೆ ಹಿಂಗಾಲು, ಆಮೇಲೆ ಮತ್ತೆ ಮುಂದಿನದೇನನ್ನೋ ಮಡಚಿ, ಔರಾದಿನ ನೆಲದ ಮೇಲೆ ಹೊಟ್ಟೆಯೂರಿ ಕೂತಿತು.

ಅಧಿಕಾರಿ ಒಂಟೆಯನ್ನು ನೋಡಿದರು, ಖಾದರ ಸಾಹೇಬರನ್ನು ನೋಡಿದರು, ಆಮೇಲೆ ಬೀದರಿನ ದಾರಿಯನ್ನು ನೋಡಿದರು. ಅಷ್ಟು ದೂರ ಒಂಟೆ ಹೊಡೆದುಕೊಂಡು ಹೋಗಬೇಕಾದವರು ತಾವೇ ಎಂಬುದು ಅವರ ಮುಖದಲ್ಲಿ ಹಾದುಹೋದದ್ದನ್ನು ನಾನು ಕಂಡೆ. ಅವರೇನು ದಡ್ಡರಲ್ಲ. ಮೀಸೆಯಡಿ ನಗುತ್ತ, "ಇದು ಕನ್ನಡದ ಒಂಟಿ ಐತಿ. ಜಾಗೀರದ ಒಂಟಿ ಇಲ್ಲಿ ಇಲ್ಲ" ಎಂದು ಹೇಳಿ ಒಂದು ಚರಿಗೆ ಮಜ್ಜಿಗೆ ಕುಡಿದು ಹೊರಟರು. ಮಾಣಿಕಪ್ಪ ಕಾಕಾ ಆ ದಿನ ಓಣಿಗೆಲ್ಲ ಹಾಲು ಹಂಚಿದ. ಖಾದರ ಸಾಹೇಬರು ಒಂಟೆಯ ಕುತ್ತಿಗೆ ಸವರಿ, ತಾವು ಸುಳ್ಳು ಹೇಳಲಿಲ್ಲವಲ್ಲ, ಪ್ರಶ್ನೆ ಮಾತ್ರ ಕೇಳಿದ್ದು ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಅವರ ಬೀಬಿ ಕಳಿಸಿದ್ದ ಪುಂಡಿಪಲ್ಯದ ಡಬ್ಬಿಯನ್ನು ಸುಗಲಾಬಾಯಿಗೆ ಕೊಟ್ಟರು. ಅವಳು ಮುಚ್ಚಳ ತೆಗೆದು ಮೂಸಿ, ಬೆಳ್ಳುಳ್ಳಿ ಜಾಸ್ತಿಯಾಗಿದೆ ಎಂದಳು. ಆದರೆ ಪೂರ್ತಿ ತಿಂದಳು.

ಕೆಲವು ದಿನಗಳ ಬಳಿಕ ಬೀದರಿನಿಂದ ನನ್ನ ಫಲಿತಾಂಶವೂ ಬಂತು. ಒಂದೇ ಮನೆಯಿಂದ ಇಬ್ಬರು ಕನ್ನಡ ಪರೀಕ್ಷೆಗೆ ಕೂತಿದ್ದೆವು; ಒಬ್ಬರು ಪಾಸಾಗಿದ್ದರು. ನನಗೆ ದಯೆತೋರಿ, ಬೇಸಿಗೆಯೊಳಗೆ ಓದು ಬರಹ ಕಲಿತು ಇನ್ನೊಮ್ಮೆ ಪಾಠ ತೋರಿಸಬೇಕು, ಇಲ್ಲವಾದರೆ ವರ್ಗ ಎಂದು ತಾಕೀತು ಮಾಡಿದ್ದರು. ಕನ್ನಡದಲ್ಲಿದ್ದ ಆ ಹುಕುಮನ್ನು ನನಗೆ ಓದಿ ಹೇಳಿದವಳು ಸುಗಲಾಬಾಯಿ. ಓದಿ ಮುಗಿಸಿ ಅವಳು ನಗಲಿಲ್ಲ. ಅದಕ್ಕಾಗಿ ಅವಳನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಹಿತ್ತಲಿಗೆ ಹೋಗಿ, ಶಾಜವ್ವ ಮಲಗಿದ್ದ ಜಾಗದ ಪಕ್ಕದಲ್ಲಿ ಉಸುಕು ಹರಡಿ, ಅಂಗೈಯಿಂದ ಸಮ ಮಾಡಿ, ನನ್ನನ್ನು ಕರೆದಳು. ಪ್ರಾಣಿಗಳಿಂದ ಕಲಿಯಿರಿ ಎಂದು ವರ್ಷಗಟ್ಟಲೆ ಹೇಳಿದವನು ನಾನೇ; ಕಲಿಯುವ ಪ್ರಾಣಿ ಯಾವುದು ಎಂಬುದನ್ನು ಮಾತ್ರ ವಿಚಾರಿಸಿರಲಿಲ್ಲ. ಹೋಗಿ ನಿಂತೆ.

"ಕೂಡ್ರಿ," ಅಂದಳು.

ಅದೇ ದನಿ. ನನಗೆ ಗಂಡನೆಂದು ಒಂದು 'ರಿ' ಹೆಚ್ಚಿಗೆ ಹಾಕಿದ್ದಳು, ಅಷ್ಟೇ. ನಾನು ಮೊದಲು ಒಂದು ಕಾಲು ಮಡಚಿದೆ, ಆಮೇಲೆ ಇನ್ನೊಂದು.